ಆರ್ಟ್ ಮ್ಯೂಸಿಯಂನ ಕಾರ್ಯಕ್ರಮ ಪಟ್ಟಿ ಓದುವುದು ಹೇಗೆ?

ಸಮಕಾಲೀನ ಕಲೆಯ ಮ್ಯೂಸಿಯಂಗಳು ಮುಂದಿನ ಕೆಲವು ತಿಂಗಳ ಪಟ್ಟಿಯನ್ನು ಮೊದಲೇ ಕೊಡುತ್ತವೆ. ಪ್ರದರ್ಶನ, ಮಾತುಕತೆ, ಕಾರ್ಯಾಗಾರ, ಪರ್ಫಾರ್ಮೆನ್ಸ್ (ಕಲಾವಿದರು ನೋಡುಗರ ಎದುರೇ ಮಾಡಿ ತೋರಿಸುವ ಕಲೆ) ಎಲ್ಲವೂ ಅದರಲ್ಲಿ ಒಟ್ಟಿಗೇ ಇರುತ್ತವೆ. ಎಲ್ಲವನ್ನೂ ನೋಡಲು ಓಡಾಡಬೇಡಿ. ಒಂದೆರಡನ್ನು ಆರಿಸಿ, ಸರಿಯಾದ ದಿನ ಹೋಗಿ.

ಮೊದಲು ಮುಗಿಯುವ ದಿನಾಂಕ ನೋಡಿ. ಕಾಗದದ ಮೇಲಿನ ಚಿತ್ರಗಳು, ಹಳೆಯ ಫೋಟೊಗಳು ಇರುವ ಪ್ರದರ್ಶನವಿದ್ದರೆ ಅದನ್ನು ಮುಂದೂಡಬೇಡಿ. ಬೆಳಕು ತಗುಲಿದಷ್ಟೂ ಬಣ್ಣ ಮಾಸುತ್ತದೆ, ಮಾಸಿದ ಬಣ್ಣ ಮತ್ತೆ ಬರುವುದಿಲ್ಲ. ಅದಕ್ಕೇ ಇಂಥವನ್ನು ಸಾಮಾನ್ಯವಾಗಿ 50 ಲಕ್ಸ್ (ಬೆಳಕನ್ನು ಅಳೆಯುವ ಮಾನ) ಆಸುಪಾಸಿನ ಮಂದ ಬೆಳಕಿನಲ್ಲಿ ಕೆಲವು ತಿಂಗಳು ಮಾತ್ರ ಇಟ್ಟು, ಮತ್ತೆ ಕತ್ತಲೆ ಕೋಣೆಗೆ ಸೇರಿಸುತ್ತಾರೆ.

ಆಮೇಲೆ, ನೋಡಲು ಎಷ್ಟು ಹೊತ್ತು ಬೇಕು ಅಂತ ತಿಳಿದುಕೊಳ್ಳಿ. ಕ್ರಿಶ್ಚಿಯನ್ ಮಾರ್ಕ್ಲೆ 2010ರಲ್ಲಿ ಮಾಡಿದ 'ದ ಕ್ಲಾಕ್' ಎಂಬ ವಿಡಿಯೊ 24 ಗಂಟೆ ಓಡುತ್ತದೆ. ಪರದೆಯ ಮೇಲಿನ ಗಡಿಯಾರದಲ್ಲಿ ಎಷ್ಟು ಗಂಟೆಯೋ ನಿಮ್ಮ ಕೈಗಡಿಯಾರದಲ್ಲೂ ಅಷ್ಟೇ. ಮಧ್ಯಾಹ್ನ ಹೋದವರಿಗೆ ಮಧ್ಯರಾತ್ರಿಯ ಭಾಗ ಸಿಗುವುದಿಲ್ಲ. ಅದು ಬೇಕಿದ್ದರೆ ಮ್ಯೂಸಿಯಂ ರಾತ್ರಿಯಿಡೀ ತೆರೆದಿರುವ ದಿನವನ್ನೇ ಹುಡುಕಬೇಕು. ಯಯೋಯಿ ಕುಸಾಮಾ ಅವರ ಕನ್ನಡಿ ಕೋಣೆಗಳದ್ದು ಇದಕ್ಕೆ ಉಲ್ಟಾ. ಹಲವು ಕಡೆ ಒಳಗೆ ಒಂದು ನಿಮಿಷವೂ ಬಿಡುವುದಿಲ್ಲ, ಆದರೆ ಸಮಯ ನಮೂದಿಸಿದ ಟಿಕೆಟನ್ನು ಮುಂಚೆಯೇ ತೆಗೆದುಕೊಂಡಿರಬೇಕು.

ಪರ್ಫಾರ್ಮೆನ್ಸ್ ಇದ್ದರೆ ಅದರ ದಿನವನ್ನೇ ಮೊದಲು ಗುರುತು ಹಾಕಿಕೊಳ್ಳಿ. 2010ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲೆಯ ಮ್ಯೂಸಿಯಂ ಮೋಮಾದಲ್ಲಿ ಕಲಾವಿದೆ ಮರೀನಾ ಅಬ್ರಮೋವಿಚ್ ಸುಮಾರು ಎರಡೂವರೆ ತಿಂಗಳು, ಮ್ಯೂಸಿಯಂ ತೆರೆದಿದ್ದಷ್ಟು ಹೊತ್ತೂ ಕುರ್ಚಿಯಲ್ಲಿ ಕೂತಿದ್ದರು. ಬಂದವರು ಎದುರು ಕೂತು, ಮಾತಿಲ್ಲದೆ ಅವರನ್ನೇ ನೋಡಬಹುದಿತ್ತು. ಈಗ ಅದರ ಫೋಟೊ, ವಿಡಿಯೊ ಸಿಗುತ್ತವೆ, ಆ ಕುರ್ಚಿ ಸಿಗುವುದಿಲ್ಲ ಅಲ್ವಾ?

ಕ್ಯುರೇಟರ್ (ಕೃತಿಗಳನ್ನು ಆರಿಸಿ ಪ್ರದರ್ಶನ ಜೋಡಿಸುವವರು) ಜೊತೆಗಿನ ಸುತ್ತಾಟ ಪಟ್ಟಿಯಲ್ಲಿದ್ದರೆ, ನನ್ನ ಲೆಕ್ಕದಲ್ಲಿ ಅದೇ ಹೋಗಲು ಒಳ್ಳೆಯ ದಿನ. ಒಂದು ಗಂಟೆ ಮೊದಲೇ ಹೋಗಿ ನೀವೊಬ್ಬರೇ ನೋಡಿ. ಗೋಡೆಯ ಚೀಟಿಯಲ್ಲಿ ಹೆಸರು, ವರ್ಷ ಓದಿ ಮುಂದೆ ಹೋಗಬೇಡಿ, ಯಾವುದರಿಂದ ಮಾಡಿದ್ದು ಅಂತಲೂ ಓದಿ. ಫೆಲಿಕ್ಸ್ ಗೊನ್ಸಾಲೆಸ್-ಟೊರೆಸ್ ಅವರ 1991ರ ಒಂದು ಕೃತಿ ಮೇಲ್ನೋಟಕ್ಕೆ ಮೂಲೆಯಲ್ಲಿ ಸುರಿದ ಬಣ್ಣದ ಹಾಳೆಯಲ್ಲಿ ಸುತ್ತಿದ ಮಿಠಾಯಿಗಳ ರಾಶಿ. ನೋಡಲು ಬಂದವರು ಒಂದೊಂದು ತೆಗೆದುಕೊಳ್ಳಬಹುದು. ಅದರ ಆದರ್ಶ ತೂಕ 175 ಪೌಂಡ್, ಅಂದರೆ ಸುಮಾರು 79 ಕಿಲೋ, ಒಬ್ಬ ದೊಡ್ಡ ಮನುಷ್ಯನ ತೂಕ. ಕಲಾವಿದರ ಸಂಗಾತಿ ಅದೇ ವರ್ಷ ಏಡ್ಸ್‌ನಿಂದ ತೀರಿಕೊಂಡಿದ್ದರು. ಇಷ್ಟು ತಿಳಿದ ಮೇಲೆ ರಾಶಿ ಕರಗುವುದನ್ನು ಸುಮ್ನೆ ನೋಡಲಾಗುವುದಿಲ್ಲ. ಇಂಥ ವಿಷಯ ಬಿಡಿಸಿ ಹೇಳುವವರು ಜೊತೆಗಿದ್ದಾಗ ಧೈರ್ಯವಾಗಿ ಕೇಳಿ. ಇದರ ಪಕ್ಕ ಅದನ್ನೇ ಯಾಕೆ ಇಟ್ಟಿರಿ? ಯಾವುದನ್ನು ಕೈಬಿಟ್ಟಿರಿ?

ಕಾರ್ಯಾಗಾರಗಳಲ್ಲಿ ಜಾಗ ಕಡಿಮೆ, ಬೇಗ ಹೆಸರು ಬರೆಸಿ. ಮಕ್ಕಳದ್ದಾದರೆ ವಯಸ್ಸಿನ ಮಿತಿ ನೋಡಿಕೊಳ್ಳಿ. ಹೊರಡುವ ಹಿಂದಿನ ದಿನ ಒಮ್ಮೆ ವಿಚಾರಿಸಿ. ಒಂದು ಪ್ರದರ್ಶನ ಇಳಿಸಿ ಇನ್ನೊಂದನ್ನು ಏರಿಸುವಾಗ ಕೆಲವು ಗ್ಯಾಲರಿಗಳು ವಾರಗಟ್ಟಲೆ ಮುಚ್ಚಿರುತ್ತವೆ.