ನಿಲ್ಲಿಸಿದ ಕಾರಿಗೆ ಯಾರೋ ತಾಗಿಸಿ ಹೋದರೆ: ನಾನು ಮಾಡುವುದು

ನನ್ನ ಬಿಳಿ ಕಾರಿನ ನಾಲ್ಕೂ ಮೂಲೆಗಳಿಗೆ ಬೇರೆಯವರ ಕಾರಿನ ಬಣ್ಣ ತಾಗಿ ಆಗಿದೆ. ಎಲ್ಲವೂ ಕಾರು ನಿಂತಿದ್ದಾಗಲೇ. ಕಾಸರಗೋಡು ಹೊಸ ಬಸ್‌ಸ್ಟ್ಯಾಂಡಿನ ಹತ್ತಿರ ಆಗಿದೆ, ಕುಂಬಳೆ ಪೇಟೆಯಲ್ಲಿ ಆಗಿದೆ, ಉಳಿದದ್ದೆಲ್ಲ ಮದುವೆ ಹಾಲ್‌ಗಳ ಅಂಗಳದಲ್ಲಿ. ಹಾಲ್‌ನ ಅಂಗಳವೇ ಹೆಚ್ಚು ಅಪಾಯ. ಊಟದ ಕೊನೆಯ ಹಂತಿ ಎದ್ದ ಕೂಡಲೇ ಎಲ್ಲರಿಗೂ ಒಟ್ಟಿಗೆ ಹೊರಡಬೇಕು. ರಿವರ್ಸ್ ತೆಗೆಯುವವನಿಗೆ ಹಿಂದಿನಿಂದ ನಾಲ್ಕು ಜನ "ಬರ್ಲಿ, ಬರ್ಲಿ" ಹೇಳುತ್ತಾರೆ, ತಾಗಿದ ಶಬ್ದ ಕೇಳಿದ ಮೇಲೆ ಒಬ್ಬನೂ ಅಲ್ಲಿರುವುದಿಲ್ಲ.

ತಾಗಿಸಿದವರು ಸ್ಥಳದಲ್ಲೇ ಸಿಕ್ಕಿದರೆ ನಾನು ಬಾಯಿ ಬಿಡುವ ಮೊದಲು ಫೋಟೋ ತೆಗೆಯುತ್ತೇನೆ. ಎರಡೂ ಕಾರು ಅಲುಗುವ ಮೊದಲು, ಎರಡೂ ನಂಬರ್ ಪ್ಲೇಟ್ ಒಂದೇ ಚಿತ್ರದಲ್ಲಿ ಬರುವ ಹಾಗೆ ದೂರದಿಂದ ಒಂದು. ಆಮೇಲೆ ಗೀರಿನದ್ದು ಹತ್ತಿರದಿಂದ. ನೆಲದಿಂದ ಗೀರಿಗೆ ಎಷ್ಟು ಗೇಣು, ಅವರ ಬಂಪರಿನಲ್ಲಿ ಉಜ್ಜಿದ ಜಾಗಕ್ಕೆ ಎಷ್ಟು ಗೇಣು ಎಂದು ಕೈಯಿಟ್ಟು ಅಳೆದು ಅದನ್ನೂ ತೆಗೆಯುತ್ತೇನೆ. "ಅದು ಮೊದಲೇ ಇದ್ದದ್ದಿರಬೇಕು" ಎನ್ನುವ ಮಾತಿಗೆ ಈ ಎತ್ತರದ ಲೆಕ್ಕವೇ ಉತ್ತರ.

ಮುಂದಿನದ್ದು ಜಗಳವಲ್ಲ, ಫೋನು. ಕಳೆದ ಬಾರಿ ತಾಗಿಸಿದ ಹುಡುಗ ಐನೂರರ ನೋಟು ಹಿಡಿದು, "ಪಾಲಿಶ್ ಮಾಡಿದ್ರೆ ಹೋಗ್ತದೆ ಅಂಕಲ್" ಎಂದ. ಐನೂರು ಸಾಕೋ ಸಾಲದೋ ಎಂದು ನಾವಿಬ್ಬರು ನಿಂತು ಚರ್ಚಿಸಿದರೆ ಸಂಜೆಯಾಗುತ್ತದೆ. ನಾನು ಬದಿಯಡ್ಕದಲ್ಲಿ ನನಗೆ ಗುರುತಿರುವ ವರ್ಕ್‌ಶಾಪಿನ ಪೈಂಟರಿಗೆ ಫೋಟೋ ವಾಟ್ಸಾಪ್ ಮಾಡಿ, ಫೋನನ್ನು ಸ್ಪೀಕರಿಗೆ ಹಾಕಿದೆ. "ಬಂಪರ್ ಪೂರ್ತಿ ಹೊಡೀಬೇಕು, ಮೂರೂವರೆ ಸಾವಿರ ಆಗ್ತದೆ ಅಣ್ಣ" ಎಂದು ಅವನು ಹೇಳಿದ್ದನ್ನು ಹುಡುಗನೂ ಕೇಳಿದ. ನನ್ನ ಬಾಯಿಂದ ಬಂದಿದ್ದರೆ ಅದು ದುರಾಸೆಯ ಮಾತಾಗುತ್ತಿತ್ತು. ಕೆಲಸ ಮಾಡುವವನ ಬಾಯಿಂದ ಬಂದಾಗ ರೇಟು. ಹುಡುಗ ತಂದೆಗೆ ಫೋನ್ ಮಾಡಿದ, ಮೂರು ಸಾವಿರಕ್ಕೆ ಒಪ್ಪಿ ಗೂಗಲ್ ಪೇ ಮಾಡಿದ. ದುಡ್ಡು ಕಳಿಸುವಾಗ ಅದರಲ್ಲಿ ಕಾರಿನ ನಂಬರ್ ಮತ್ತು 'ಬಂಪರ್ ಪೈಂಟ್' ಎಂದು ಬರೆಸಿದೆ. ಅವರಿಗೂ ಒಂದು ದಾಖಲೆ ಇರಲಿ.

"ದುಡ್ಡು ಯಾಕೆ, ಅವರ ಇನ್ಶೂರೆನ್ಸಿನಲ್ಲಿ ಮಾಡಿಸುವ" ಎನ್ನುವವರು ಸುತ್ತ ನಿಂತವರಲ್ಲಿ ಒಬ್ಬರಾದರೂ ಇರುತ್ತಾರೆ. ಇನ್ನೊಬ್ಬರ ಥರ್ಡ್ ಪಾರ್ಟಿ ಪಾಲಿಸಿಯಿಂದ ನಮ್ಮ ಕಾರಿನ ನಷ್ಟ ವಸೂಲು ಮಾಡುವ ದಾರಿ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ಮೂಲಕ. ಒಂದು ಗೀರಿಗೆ ಯಾರು ಹೋಗುತ್ತಾರೆ ಮಾರಾಯ್ರೆ?

ಹಾಗಾದರೆ ನಮ್ಮದೇ ಪಾಲಿಸಿ? ಇಲ್ಲಿ ನಾನು ಕಾಗದದ ಮೇಲೆ ಲೆಕ್ಕ ಹಾಕಿಯೇ ನೋಡಿದ್ದು. ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿ, ಅಂದರೆ ನೋ ಕ್ಲೇಮ್ ಬೋನಸ್, ಶೇಕಡಾ 20, 25, 35, 45, 50 ಹೀಗೆ ಏರುತ್ತದೆ, ಸ್ವಂತ ಹಾನಿಯ ಪ್ರೀಮಿಯಂ ಮೇಲೆ ಮಾತ್ರ. ನಿಮಗೆ 50 ಇದೆ, ಬೋನಸ್ ಕಳೆಯುವ ಮೊದಲು ಆ ಪ್ರೀಮಿಯಂ 8,000 ರೂಪಾಯಿ ಎಂದಿಟ್ಟುಕೊಳ್ಳಿ. ಒಂದು ಕ್ಲೇಮ್ ಮಾಡಿದಿರಿ, ಬೋನಸ್ ಸೊನ್ನೆಗೆ ಇಳಿಯಿತು. ಮುಂದಿನ ವರ್ಷ ಕೈತಪ್ಪುವ ರಿಯಾಯಿತಿ 50, ಅದರಾಚೆ ಬೋನಸ್ ಪುನಃ 20ರಿಂದ ಏರುವಾಗ ವರ್ಷ ವರ್ಷ 30, 25, 15, 5. ಪುನಃ 50ಕ್ಕೆ ಮುಟ್ಟುವಷ್ಟರಲ್ಲಿ ಒಟ್ಟು 125 ಶೇಕಡಾ, ಅಂದರೆ ಸುಮಾರು 10,000 ರೂಪಾಯಿ. ಕಾರು ಹಳತಾಗುತ್ತಾ ಪ್ರೀಮಿಯಂ ಇಳಿಯುವುದರಿಂದ ಸ್ವಲ್ಪ ಕಡಿಮೆ ಆದೀತು. ಇದರ ಮೇಲೆ 1500 ಸಿಸಿವರೆಗಿನ ಕಾರಿಗೆ ಪ್ರತಿ ಕ್ಲೇಮಿನಲ್ಲೂ ಸಾವಿರ ರೂಪಾಯಿ ನಾವೇ ಹಾಕಬೇಕು. ಮೂರೂವರೆ ಸಾವಿರದ ಬಂಪರಿಗೆ ಈ ವ್ಯಾಪಾರ ಬೇಕೇ? ಬೋನಸ್ ಉಳಿಸುವ ಆ್ಯಡ್-ಆನ್ ಇದ್ದವರ ಲೆಕ್ಕ ಬೇರೆ. ನನ್ನ ಪಾಲಿಸಿಯಲ್ಲಿ ಅದಿಲ್ಲ. ಹಾಗಾಗಿ ಹತ್ತು ಸಾವಿರದ ಕೆಳಗಿನ ಯಾವುದಕ್ಕೂ ನಾನು ಕಂಪನಿಗೆ ಫೋನ್ ಮಾಡುವುದಿಲ್ಲ. ಬಾಗಿಲೂ ಫೆಂಡರೂ ಒಟ್ಟಿಗೆ ಒಳಗೆ ಹೋದರೆ ಮಾತ್ರ ಕ್ಲೇಮ್. ಆಗ ರಿಪೇರಿಗೆ ಕೈಹಾಕುವ ಮೊದಲೇ ಕಂಪನಿಗೆ ತಿಳಿಸಬೇಕು, ಠಾಣೆಯ ಜಿಡಿ ಎಂಟ್ರಿಯನ್ನೂ (ಜನರಲ್ ಡೈರಿಯಲ್ಲಿ ಬರೆಸಿದ ದೂರಿನ ದಾಖಲೆ) ಅವರು ಕೇಳಬಹುದು.

ತಾಗಿಸಿ ಓಡಿದವರದ್ದು ಬೇರೆ ಕಥೆ. ಸಿಸಿಟಿವಿ ಇರುವ ಅಂಗಡಿಗೆ ಅದೇ ದಿನ ಹೋಗಬೇಕು, ಡಿಸ್ಕ್ ತುಂಬಿದ ಹಾಗೆ ಹಳೆಯದರ ಮೇಲೆ ಹೊಸತು ಬರುತ್ತದೆ. ನಾನು ಮೊದಲು ಅಂಗಡಿಯಲ್ಲಿ ಏನಾದರೂ ಖರೀದಿಸುತ್ತೇನೆ, ಮತ್ತೆ ಕೇಳುತ್ತೇನೆ. ಪೆನ್‌ಡ್ರೈವಿಗೆ ಹಾಕಿಕೊಡಲು ಹೆಚ್ಚಿನವರಿಗೆ ಬರುವುದಿಲ್ಲ, ಹಾಗಾಗಿ ಪರದೆಯನ್ನೇ ಮೊಬೈಲಿನಲ್ಲಿ ವಿಡಿಯೋ ತೆಗೆಯುತ್ತೇನೆ. ಆ ಸಿಸಿಟಿವಿ ಪೆಟ್ಟಿಗೆಯ ಗಡಿಯಾರ ಸರಿಯಾಗಿರುವುದು ಅಪರೂಪ. ನನ್ನ ಮೊಬೈಲಿನ ಸಮಯವನ್ನು ಪಕ್ಕದಲ್ಲಿ ಬರೆದಿಟ್ಟುಕೊಳ್ಳುತ್ತೇನೆ. ನಂಬರ್ ಸಿಕ್ಕಿದರೂ ವಾಹನದ ವಿವರ ತೋರಿಸುವ ಸರ್ಕಾರಿ ಎಂಪರಿವಾಹನ್ ಆ್ಯಪ್‌ನಲ್ಲಿ ಮಾಲೀಕರ ಹೆಸರಿನ ಅರ್ಧ ಅಕ್ಷರಗಳು ಮುಚ್ಚಿರುತ್ತವೆ, ಫೋನ್ ನಂಬರಂತೂ ಇಲ್ಲ. ಕಾಸರಗೋಡಿನ ಕೆಎಲ್ 14 ಆದರೆ ಊರಿನ ಯಾರಿಗಾದರೂ ಗುರುತು ಸಿಕ್ಕೀತು. ಮಂಗಳೂರಿನ ಕೆಎ 19 ಆದರೆ ನಾವು ಸಿಸಿಟಿವಿ ನೋಡುವಷ್ಟರಲ್ಲಿ ಅದು ತಲಪಾಡಿ ಗಡಿ ದಾಟಿರುತ್ತದೆ. ಒಮ್ಮೆ ಅಂಥದ್ದೇ ಆಯಿತು. ಮದುವೆ ಮನೆಯವರಿಗೆ ವಿಡಿಯೋ ಕಳಿಸಿ, "ಇದು ನಿಮ್ಮ ಮಂಗಳೂರಿನ ನೆಂಟರದ್ದಾ?" ಎಂದು ಕೇಳಿದೆ. ರಾತ್ರಿಯೊಳಗೆ ಅವರ ಸೋದರಮಾವನೇ ಫೋನ್ ಮಾಡಿ ಕ್ಷಮೆ ಕೇಳಿ ದುಡ್ಡು ಕಳಿಸಿದರು. ನೆಂಟರ ವಾಟ್ಸಾಪ್ ಗ್ರೂಪಿನಷ್ಟು ಚುರುಕಾದ ಠಾಣೆ ಎರಡೂ ರಾಜ್ಯಗಳಲ್ಲಿ ಇಲ್ಲ.

ಇನ್ನು ಗೀರು. ಬೆರಳಿನ ಉಗುರು ಅಡ್ಡ ಎಳೆದರೆ ತಡೆಯದಿದ್ದರೆ ಅದು ಬರೀ ಮೇಲಿನ ಕ್ಲಿಯರ್ ಕೋಟಿನದ್ದು, ಅಥವಾ ಅವರ ಬಣ್ಣ ನಮ್ಮದರ ಮೇಲೆ ಕೂತದ್ದು. ಮೆತ್ತನೆಯ ಬಟ್ಟೆ, ರಬ್ಬಿಂಗ್ ಕಾಂಪೌಂಡ್, ಒಂದಷ್ಟು ತಾಳ್ಮೆ ಸಾಕು. ಉಗುರು ಸಿಕ್ಕಿಕೊಂಡರೆ ಪೈಂಟರೇ ಬೇಕು. ಬಂಪರ್ ಪ್ಲಾಸ್ಟಿಕ್, ತುಕ್ಕು ಹಿಡಿಯುವ ಪ್ರಶ್ನೆಯಿಲ್ಲ. ಒಳಗೆ ಗುಳಿಬಿದ್ದಿದ್ದರೆ ಬಿಸಿನೀರು ಹೊಯ್ದು ಹಿಂದಿನಿಂದ ಒತ್ತಿದರೆ ಎಷ್ಟೋ ಸಲ ಹೊರಗೆ ಬರುತ್ತದೆ. ಬಾಗಿಲು, ಫೆಂಡರ್ ತಗಡಿನದ್ದು. ನಮ್ಮ ಉಪ್ಪುಗಾಳಿಯಲ್ಲಿ ಬರಿಯ ತಗಡು ಕಂಡರೆ ಕಾಯುವಂತಿಲ್ಲ, ಅದೇ ದಿನ ಒರೆಸಿ ಒಣಗಿಸಿ ಟಚ್-ಅಪ್ ಬಣ್ಣ ಹಚ್ಚಿಬಿಡುತ್ತೇನೆ, ಅದಿಲ್ಲದಿದ್ದರೆ ಹೆಂಡತಿಯ ಬಣ್ಣವಿಲ್ಲದ ನೇಲ್ ಪಾಲಿಶ್ ಆದರೂ ಸರಿ. ಪೂರ್ತಿ ಪೈಂಟಿಂಗ್ ಮಾತ್ರ ಮಳೆಗಾಲದಲ್ಲಿ ಬೇಡ. ಪೈಂಟಿಂಗಿಗೆಂದೇ ಮುಚ್ಚಿದ ಕೋಣೆ (ಬೂತ್) ಇಲ್ಲದ ವರ್ಕ್‌ಶಾಪಿನಲ್ಲಿ ಜೂನ್-ಜುಲೈಯ ತೇವಕ್ಕೆ ಹೊಳಪಿನ ಮೇಲೆ ಬಿಳಿ ಮಬ್ಬು ಕೂತುಬಿಡುತ್ತದೆ. ಪೈಂಟರ್ ಕೂಡ ಅದನ್ನೇ ಹೇಳುತ್ತಾನೆ: "ಅಣ್ಣ, ದೀಪಾವಳಿ ಕಳೀಲಿ, ಆಮೇಲೆ ತನ್ನಿ."