ನಿಘಂಟಿನಲ್ಲಿ ಸಿಗದ ‘ಗೆಗ್ರಪ್ತೈ’

ಬೈಬಲಿನ ಮತ್ತಾಯ 4:4ರಲ್ಲಿ ಯೇಸು ಸೈತಾನನಿಗೆ ಕೊಡುವ ಉತ್ತರ ಶುರುವಾಗುವುದೇ ಈ ಪದದಿಂದ: ಗೆಗ್ರಪ್ತೈ. ಹೊಸ ಒಡಂಬಡಿಕೆಯ ಗ್ರೀಕ್ ಕಲಿಯಲು ಕೂತ ಹೊಸತರಲ್ಲಿ ಇದನ್ನು ನಿಘಂಟಿನಲ್ಲಿ ‘ಗೆ’ ಇರುವ ಕಡೆ ಅರ್ಧ ಗಂಟೆ ಹುಡುಕಿದ್ದೆ. ಇಲ್ಲವೇ ಇಲ್ಲ. ಹಾಳೆ ಕಿತ್ತುಹೋಗಿದೆಯೇನೋ ಅಂತ ಪುಟದ ನಂಬರನ್ನೂ ಎಣಿಸಿದೆ!

ತಪ್ಪು ನನ್ನದೇ. ಮೂಲ ಕ್ರಿಯಾಪದ ‘ಗ್ರಫೋ’, ಅಂದರೆ ಬರೆಯುತ್ತೇನೆ. ಕೆಲಸ ಮುಗಿದು ಅದರ ಫಲ ಉಳಿದಿದೆ ಎನ್ನಲು ಗ್ರೀಕರು ಮೊದಲ ವ್ಯಂಜನವನ್ನೇ ಇನ್ನೊಮ್ಮೆ ಮುಂದೆ ತಂದು ‘ಗೆ’ ಸೇರಿಸುತ್ತಾರೆ. ‘ತ್’ ಎದುರು ಬಂದರೆ ‘ಫ್’ ಹೋಗಿ ‘ಪ್’ ಆಗುತ್ತದೆ. ಹೈಸ್ಕೂಲಿನ ಸಂಸ್ಕೃತ ಥಟ್ಟನೆ ನೆನಪಾಯಿತು. ಲಿಖ್, ಲಿಲೇಖ. ಅದೇ ಆಟ! ಈಗ ಮೊದಲು ‘ಗೆ’ ಕಿತ್ತುಹಾಕಿ ಆಮೇಲೆ ಹುಡುಕುತ್ತೇನೆ.

ಈ ಪದದ ಹಳೆಯ ಅರ್ಥ ಗೀರುವುದು. ಹೋಮರನ ‘ಇಲಿಯಡ್’ನಲ್ಲಿ ಈಟಿಯ ಮೊನೆ ಮೂಳೆ ಗೀರುವುದಕ್ಕೂ ಇದೇ ಕ್ರಿಯಾಪದ. ನಮ್ಮ ‘ಬರೆ’ಯೂ ಹಾಗೇ ಅಲ್ವಾ? ಅಕ್ಷರ ಬರೆಯುವುದೂ ಬರೆ, ಕಾದ ಕಬ್ಬಿಣದಿಂದ ಎಳೆದದ್ದೂ ಬರೆ.

ಅರ್ಥ ಹಿಡಿಯಲು ಇಂಗ್ಲಿಷ್ ವ್ಯಾಕರಣಕ್ಕಿಂತ ಕನ್ನಡವೇ ಜಾಸ್ತಿ ಸಹಾಯ ಮಾಡಿತು. ಅಂಗಡಿಯಲ್ಲಿ ‘ಸಾಲ ಕೇಳಬೇಡಿ’ ಅಂತ ಬರೆದಿದೆ. ಯಾವತ್ತೋ ಯಾರೋ ಬರೆದದ್ದು. ಆದರೆ ಇವತ್ತು ಕೇಳಲು ಹೋದವನಿಗೂ ಅದು ಅನ್ವಯಿಸುತ್ತದೆ. ಗೆಗ್ರಪ್ತೈ ಅಂದರೆ ಅದೇ ‘ಬರೆದಿದೆ’.

ಯೋಹಾನ 19:22ರಲ್ಲಿ ಶಿಲುಬೆಯ ಮೇಲಿನ ಬರಹ ಬದಲಿಸಿ ಎಂದವರಿಗೆ ರೋಮನ್ ಅಧಿಪತಿ ಪಿಲಾತ ಹೇಳುತ್ತಾನೆ: ‘ಹೊ ಗೆಗ್ರಫ, ಗೆಗ್ರಫ’. ನನ್ನ ಅನುವಾದದಲ್ಲಿ ಮೊದಲು ‘ಬರೆದದ್ದನ್ನು ಬರೆದೆ’ ಅಂತ ಹಾಕಿದ್ದೆ. ಸಪ್ಪೆ. ಆಮೇಲೆ ‘ಬರೆದದ್ದು ಬರೆದಾಯ್ತು’ ಎಂದು ತಿದ್ದಿದೆ. ಆ ‘ಆಯ್ತು’ ಬಂದ ಮೇಲೇ ಪಿಲಾತನ ಗತ್ತು ಬಂದದ್ದು.

ಗಲಾತ್ಯ 6:11ರಲ್ಲಿ ಮತ್ತೆ ಎಡವಿದೆ. ಪೌಲನ ಪತ್ರ ಇನ್ನೂ ಮುಗಿದಿಲ್ಲ, ಆದರೂ ‘ಎಗ್ರಪ್ಸ’, ಬರೆದೆ! ಓದುವವರ ಕೈಗೆ ಸಿಗುವ ಹೊತ್ತಿಗೆ ಅದು ಹಳೆಯದಾಗಿರುತ್ತದೆ ಎಂಬ ಲೆಕ್ಕ. ನಮ್ಮ ಅಜ್ಜ ಕಾಗದದಲ್ಲಿ ‘ಬರೆಯುವುದೇನೆಂದರೆ’ ಅನ್ನುತ್ತಿದ್ದರು, ‘ಬರೆದೆ’ ಅಂತಲ್ಲ. ಹಾಗಾಗಿ ‘ಎಷ್ಟು ದೊಡ್ಡ ಅಕ್ಷರಗಳಲ್ಲಿ ಬರೆಯುತ್ತಿದ್ದೇನೆ ನೋಡಿ’ ಎಂದು ಹಾಕಿಕೊಂಡೆ.

ಯೋಹಾನನ ಮೊದಲ ಪತ್ರ 2:12–14ರಲ್ಲಿ ಮಾತ್ರ ಮೂರು ಸಲ ಗ್ರಫೋ, ಬೆನ್ನಿಗೇ ಮೂರು ಸಲ ಎಗ್ರಪ್ಸ. ಆ ಸಾಲುಗಳು ನನ್ನ ನೋಟ್‌ಬುಕ್ಕಿನಲ್ಲಿ ಇನ್ನೂ ಪೆನ್ಸಿಲ್‌ನಲ್ಲೇ ಇವೆ.