ಬಿಡಿಸಿದ ಹತ್ತಿಯ ದರವನ್ನು ತೂಕದ ಕಟ್ಟೆಯವರೆಗೆ ಉಳಿಸಿಕೊಳ್ಳುವುದು ಹೇಗೆ?

2025–26ರ ಹಂಗಾಮಿಗೆ ಕೇಂದ್ರ ಸರ್ಕಾರವು ಉದ್ದ ಎಳೆಯ ಹತ್ತಿಗೆ ಕ್ವಿಂಟಲಿಗೆ 8,110 ರೂಪಾಯಿ ಹಾಗೂ ಮಧ್ಯಮ ಎಳೆಯ ಹತ್ತಿಗೆ 7,710 ರೂಪಾಯಿ ಬೆಂಬಲ ಬೆಲೆ ನಿಗದಿ ಮಾಡಿತು. ಈ ದರ ಪೂರ್ತಿಯಾಗಿ ಸಿಗುವುದು ತೇವಾಂಶ ಶೇ 8ನ್ನು ಮೀರದ ಸ್ವಚ್ಛ ಹತ್ತಿಗೆ ಮಾತ್ರ. ಅಲ್ಲಿಂದ ಮುಂದೆ ತೇವಾಂಶ ಶೇ 1ರಷ್ಟು ಏರಿದಂತೆಲ್ಲ ದರವೂ ಶೇ 1ರಷ್ಟು ಇಳಿಯುತ್ತದೆ. ಶೇ 12 ಮುಟ್ಟಿದಾಗ ಉದ್ದ ಎಳೆಯ ಹತ್ತಿಯ ದರ 7,785 ರೂಪಾಯಿ 60 ಪೈಸೆಗೆ ಬಂದು ನಿಲ್ಲುತ್ತದೆ. ಅದನ್ನೂ ದಾಟಿದ ಹತ್ತಿಯನ್ನು ಭಾರತೀಯ ಹತ್ತಿ ನಿಗಮದ ಖರೀದಿ ಕೇಂದ್ರಗಳು ಕೊಳ್ಳುವುದಿಲ್ಲ. ಶೇ 12 ತೇವಾಂಶದ 20 ಕ್ವಿಂಟಲ್ ಉದ್ದ ಎಳೆಯ ಹತ್ತಿ ಒಯ್ದ ರೈತರಿಗೆ ಈ ಲೆಕ್ಕದಲ್ಲಿ 6,488 ರೂಪಾಯಿ ಕಡಿಮೆಯಾಗುತ್ತದೆ. ಆರು ತಿಂಗಳು ಬೀಜ, ಗೊಬ್ಬರ, ಔಷಧಿಗೆ ಸುರಿದ ಹಣ ಸರಿಯಾಗಿ ಕೈಗೆ ಮರಳುವುದು ಅಥವಾ ಕೈತಪ್ಪುವುದು ಬಿಡಿಸುವ ದಿನದಿಂದ ತೂಕದ ದಿನದವರೆಗಿನ ಕೆಲವೇ ವಾರಗಳಲ್ಲಿ.

ಬಿಡಿಸುವಾಗ

ಹೊಲದಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಕಾಯಿಗಳು ಚೆನ್ನಾಗಿ ಒಡೆದ ಮೇಲೆ ಮೊದಲ ಸಲ ಬಿಡಿಸಿ, ಮುಂದೆ ಹದಿನೈದು–ಇಪ್ಪತ್ತು ದಿನಗಳಿಗೊಮ್ಮೆ ಬಿಡಿಸುತ್ತ ಹೋಗಬೇಕು. ಬೆಳಗಿನ ಇಬ್ಬನಿ ಪೂರ್ತಿ ಆರುವ ಮುನ್ನ ಹೊಲಕ್ಕೆ ಇಳಿಯಬಾರದು. ಕೂಲಿಯವರು ಬೇಗ ಬಂದಿದ್ದಾರೆಂದು ಏಳು ಗಂಟೆಗೇ ಬಿಡಿಸಲು ಹಚ್ಚಿದರೆ ಆ ತೇವವೂ ಚೀಲದೊಳಗೆ ಸೇರುತ್ತದೆ. ಗಿಡದ ಕೆಳಗಿನ ಕಾಯಿಗಳಿಂದ ಆರಂಭಿಸಿ ಮೇಲಕ್ಕೆ ಹೋಗುವುದು ಸರಿಯಾದ ಕ್ರಮ. ಮೇಲಿನಿಂದ ಆರಂಭಿಸಿದರೆ ಕೈ ತಾಗಿ ಉದುರುವ ಒಣ ಎಲೆಗಳು ಕೆಳಗೆ ಅರಳಿ ನಿಂತ ಹತ್ತಿಯ ಮೇಲೆಯೇ ಬೀಳುತ್ತವೆ. ಕಾಯಿಯನ್ನು ಸುತ್ತುವರಿದ ಒಣ ಸಿಪ್ಪೆ ಗಿಡದಲ್ಲಿಯೇ ಉಳಿಯಬೇಕು, ತೊಳೆ ಮಾತ್ರ ಕೈಗೆ ಬರಬೇಕು. ಹತ್ತಿಯೊಳಗೆ ಸೇರಿದ ಎಲೆ ಗಿರಣಿಯಲ್ಲಿ ಪುಡಿಪುಡಿಯಾಗಿ ಎಳೆಗಳ ನಡುವೆ ಕುಳಿತರೆ ಅದನ್ನು ತೆಗೆಯುವುದು ಗಿರಣಿಯವರಿಗೂ ಕಷ್ಟ, ಮತ್ತು ಆ ಕಷ್ಟದ ಬೆಲೆಯನ್ನು ಅವರು ಮೊದಲೇ ರೈತನ ದರದಲ್ಲಿ ಕಳೆದಿರುತ್ತಾರೆ.

ಉಡಿಗೆ ಕಟ್ಟಿಕೊಳ್ಳುವ ಬಟ್ಟೆಯೂ ತುಂಬುವ ಚೀಲವೂ ಹತ್ತಿಯವೇ ಆಗಿರಲಿ. ಮನೆಯಲ್ಲಿ ರಾಶಿ ಬಿದ್ದಿರುವ ಗೊಬ್ಬರದ ಪ್ಲಾಸ್ಟಿಕ್ ಚೀಲಗಳನ್ನು ಈ ಕೆಲಸಕ್ಕೆ ಬಳಸುವುದು ನಮ್ಮಲ್ಲಿ ತೀರ ಸಾಮಾನ್ಯ, ಆದರೆ ಅವುಗಳ ಅಂಚಿನಿಂದ ಬಿಚ್ಚಿಕೊಳ್ಳುವ ದಾರಕ್ಕೆ ಬಣ್ಣ ಹಿಡಿಯುವುದಿಲ್ಲ. ಅಂಥ ಒಂದು ಎಳೆ ನೂಲಿನೊಳಗೆ ಸೇರಿ ಬಟ್ಟೆಯಾದಾಗ, ಕಡುಬಣ್ಣದ ಥಾನಿನ ಮೇಲೆ ಬಿಳಿಯ ಚುಕ್ಕೆಯಾಗಿ ಎದ್ದು ಕಾಣುತ್ತದೆ. ತಲೆಗೂದಲೂ ಹೀಗೆಯೇ ಕಾಟ ಕೊಡುವುದರಿಂದ ಬಿಡಿಸುವವರು ತಲೆಗೆ ಬಟ್ಟೆ ಕಟ್ಟಿಕೊಳ್ಳುವುದು ಒಳ್ಳೆಯದು.

ಹುಳು ತಿಂದ, ಕಲೆ ಬಿದ್ದ, ಗಟ್ಟಿಯಾಗಿ ಕಟ್ಟಿಕೊಂಡ ತೊಳೆಗಳಿಗೆ ಬೇರೆ ಚೀಲವಿರಲಿ. ಮಳೆಗೆ ಸಿಕ್ಕ ಹತ್ತಿಯನ್ನೂ ಕೊನೆಯ ಸಲ ಬಿಡಿಸಿದ್ದನ್ನೂ ಮೊದಲಿನ ಬಿಳಿ ಹತ್ತಿಯೊಂದಿಗೆ ಬೆರೆಸಬಾರದು. ಬೆರೆಸಿದರೆ ಕೆಟ್ಟದ್ದರ ದರ ಏರುವುದಿಲ್ಲ, ಒಳ್ಳೆಯದರ ದರ ಇಳಿಯುತ್ತದೆ. ಡಿಸಿಎಚ್–32ರಂಥ ಅತಿ ಉದ್ದ ಎಳೆಯ ತಳಿಯನ್ನು ಬೇರೆ ಹೈಬ್ರಿಡ್ ಹತ್ತಿಯ ಜೊತೆ ಒಂದೇ ರಾಶಿಗೆ ಸುರಿಯುವುದಂತೂ ಕೈಯಾರೆ ಮಾಡಿಕೊಳ್ಳುವ ನಷ್ಟ.

ಈ ಬೆರಕೆಯ ರೋಗ ಇಂದಿನದಲ್ಲ. ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಹಡಗು ಏರುತ್ತಿದ್ದುದರಿಂದ ಆ ಹತ್ತಿಗೆ ವಿದೇಶಿ ಪೇಟೆಯಲ್ಲಿ ಕುಮಟಾ ಎಂಬ ಹೆಸರೇ ನಿಂತಿತ್ತು. ಹತ್ತಿಗೆ ಕಸ ಬೆರೆಸುವ ಚಾಳಿ ಆಗ ಎಷ್ಟು ಹಬ್ಬಿತ್ತೆಂದರೆ, ಅದನ್ನು ತಡೆಯಲೆಂದೇ ಮುಂಬಯಿ ಸರ್ಕಾರ 1863ರಲ್ಲಿ ಒಂದು ಕಾಯ್ದೆ ತರಬೇಕಾಯಿತು.

ಒಣಗಿಸುವಾಗ ಮತ್ತು ಕೂಡಿಡುವಾಗ

ಬಿಡಿಸಿ ತಂದ ಹತ್ತಿಯನ್ನು ಅದೇ ದಿನ ಒಟ್ಟಿ ಮುಚ್ಚಬೇಡಿ. ಸ್ವಚ್ಛವಾದ ಸಿಮೆಂಟ್ ಕಣದ ಮೇಲೆ ಅಥವಾ ತಾಡಪತ್ರಿಯ ಮೇಲೆ ತೆಳ್ಳಗೆ ಹರಡಿ, ಆಗಾಗ ಕೈಯಾಡಿಸುತ್ತ ಒಣಗಿಸಿ, ಸಂಜೆ ಇಬ್ಬನಿ ಬೀಳುವ ಮುನ್ನ ಒಳಗೆ ತೆಗೆದುಕೊಳ್ಳಿ. ಡಾಂಬರು ರಸ್ತೆಯ ಮೇಲೆ ಒಣಹಾಕಿದರೆ ಧೂಳು, ಎಣ್ಣೆ, ಪ್ಲಾಸ್ಟಿಕ್ ಚೂರುಗಳೆಲ್ಲ ಸೇರಿಕೊಳ್ಳುತ್ತವೆ. ಒಣಗಿದೆಯೇ ಎಂದು ತಿಳಿಯಲು ಹಿರಿಯರು ಹತ್ತಿಕಾಳನ್ನು ಹಲ್ಲಿನಿಂದ ಕಡಿದು ನೋಡುತ್ತಿದ್ದರು. ಕಟ್ ಎಂದು ಒಡೆದರೆ ಒಣಗಿದೆ, ಮೆತ್ತಗೆ ನುಗ್ಗಾದರೆ ಇನ್ನೂ ಬಿಸಿಲು ಬೇಕು. ಈ ಪರೀಕ್ಷೆ ಈಗಲೂ ಸುಳ್ಳಾಗಿಲ್ಲ, ಆದರೆ ಶೇ 9ಕ್ಕೂ 11ಕ್ಕೂ ಇರುವ ಅಂತರವನ್ನು ಹಲ್ಲು ಹೇಳಲಾರದು. ನಾಲ್ಕಾರು ರೈತರು ಸೇರಿ ಒಂದು ತೇವಾಂಶ ಮಾಪಕ ಕೊಂಡರೆ ಅದರ ಖರ್ಚು ಭಾರವಾಗುವುದಿಲ್ಲ. ರಾಶಿಯ ಮೇಲ್ಪದರವನ್ನಷ್ಟೇ ಅಳೆಯದೆ ನಡುವಿನಿಂದ, ತಳದಿಂದಲೂ ಹಿಡಿ ಹತ್ತಿ ತೆಗೆದು ಅಳೆಯಬೇಕು.

ತೂಕ ಬರಲೆಂದು ನೀರು ಚಿಮುಕಿಸುವವರಿಗೆ ಒಂದು ಮಾತು: ಒದ್ದೆ ಹತ್ತಿ ರಾಶಿಯಲ್ಲಿ ಕಾವು ಏರಿ ಕಾಳು ಕೆಡುತ್ತದೆ, ಎಳೆ ಹಳದಿಯಾಗುತ್ತದೆ, ಖರೀದಿದಾರರು ರಾಶಿಯೊಳಗೆ ಕೈ ಹಾಕಿದ ಕೂಡಲೇ ಗುಟ್ಟು ಬಯಲಾಗುತ್ತದೆ.

ಕೂಡಿಡುವ ಕೋಣೆ ಒಣದಾಗಿದ್ದು, ಬೆಂಕಿ ಹಾಗೂ ಇಲಿಗಳಿಂದ ದೂರವಿರಬೇಕು. ಒಂದೇ ಹೊಲದಲ್ಲಿ ಮೆಣಸಿನಕಾಯಿ, ಈರುಳ್ಳಿ, ಹತ್ತಿ ಮೂರನ್ನೂ ಬೆಳೆಯುವ ಹಾವೇರಿ, ಧಾರವಾಡ ಭಾಗದ ರೈತರು ಮೆಣಸಿನಕಾಯಿ ಇಟ್ಟಿದ್ದ ಜಾಗವನ್ನು ಚೆನ್ನಾಗಿ ಗುಡಿಸದೆ ಅಲ್ಲಿ ಹತ್ತಿ ಸುರಿಯಬಾರದು.

ಮಾರುವಾಗ

ಪೇಟೆಗೆ ಹೋಗುವ ಮುನ್ನ ಮನೆಯಲ್ಲಿಯೇ ಒಂದು ಸಣ್ಣ ಲೆಕ್ಕ ಮಾಡಬಹುದು. ರಾಶಿಯ ನಾಲ್ಕಾರು ಕಡೆಯಿಂದ ಒಟ್ಟು 100 ಗ್ರಾಂ ಹತ್ತಿ ತೆಗೆದು, ಕಾಳನ್ನು ಕೈಯಿಂದ ಬೇರೆ ಮಾಡಿ ಉಳಿದ ಎಳೆಯನ್ನು, ಅಂದರೆ ಅರಳೆಯನ್ನು ತೂಗಿ. ಬಂದ ಗ್ರಾಂ ಎಷ್ಟೋ ಅರಳೆಯ ಶೇಕಡಾ ಪ್ರಮಾಣವೂ ಅಷ್ಟೇ. ಸಾಮಾನ್ಯವಾಗಿ ಅದು 33ರಿಂದ 35ರ ಆಸುಪಾಸಿನಲ್ಲಿರುತ್ತದೆ, ಉಳಿದದ್ದು ಬಹುಪಾಲು ಹತ್ತಿಕಾಳು. 170 ಕೆ.ಜಿ. ಅರಳೆಯ ಒಂದು ಬೇಲು ಕಟ್ಟಲು ಸುಮಾರು 5 ಕ್ವಿಂಟಲ್ ಹತ್ತಿ ಬೇಕಾಗುವುದು ಇದರಿಂದಲೇ. ಗಿರಣಿಯವರು ಅರಳೆಯ ಜೊತೆಗೆ ಕಾಳನ್ನೂ ಎಣ್ಣೆ ಮತ್ತು ಹಿಂಡಿಗಾಗಿ ಮಾರುತ್ತಾರಾದ್ದರಿಂದ, ದರ ಮಾತಾಡುವ ಮುನ್ನ ಆ ದಿನದ ಅರಳೆಯ ದರವನ್ನೂ ಹತ್ತಿಕಾಳಿನ ದರವನ್ನೂ ವಿಚಾರಿಸಿಕೊಂಡರೆ ತಮ್ಮ ಹತ್ತಿಯ ನಿಜವಾದ ಬೆಲೆ ರೈತರಿಗೇ ಗೊತ್ತಾಗುತ್ತದೆ.

ಬೆಂಬಲ ಬೆಲೆಯ ಖರೀದಿಗೆ ಹತ್ತಿ ನಿಗಮವು 2025ರಲ್ಲಿ ಕಪಾಸ್ ಕಿಸಾನ್ ಎಂಬ ಮೊಬೈಲ್ ಆ್ಯಪ್ ತಂದಿದ್ದು, ಅದರಲ್ಲಿ ಹೆಸರು ನೋಂದಾಯಿಸಿ ಕೇಂದ್ರಕ್ಕೆ ಬರುವ ದಿನವನ್ನು ಕಾಯ್ದಿರಿಸಬೇಕು. ಜಮೀನಿನ ಬೆಳೆ ದಾಖಲೆಯಲ್ಲಿ ಹತ್ತಿ ಎಂದೇ ನಮೂದಾಗಿದೆಯೇ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ಎಂಬುದನ್ನು ಹತ್ತಿ ಹೊಲದಲ್ಲಿರುವಾಗಲೇ ನೋಡಿಕೊಳ್ಳಿ, ಏಕೆಂದರೆ ಗಾಡಿ ಹೇರಿದ ಮೇಲೆ ಕಚೇರಿ ಸುತ್ತಲು ಸಮಯವಿರುವುದಿಲ್ಲ. ಎಪಿಎಂಸಿಯಲ್ಲಿ ಖಾಸಗಿಯವರಿಗೆ ಮಾರುವುದಾದರೆ ತೂಕದ ಚೀಟಿ ಮತ್ತು ಲೆಕ್ಕದ ಪಟ್ಟಿಯನ್ನು ಅಲ್ಲಿಯೇ ಪಡೆಯಬೇಕು. ಪೇಟೆ ದರ ಬೆಂಬಲ ಬೆಲೆಗಿಂತ ಮೇಲಿದ್ದರೆ ಖಾಸಗಿಯವರಿಗೆ ಕೊಡುವುದೇ ಲೇಸು.

ಕೊನೆಯ ಹತ್ತಿ ಮನೆಗೆ ಬಂದ ಮೇಲೆ, ಇನ್ನೊಂದು ಹಿಡಿ ಸಿಕ್ಕೀತೆಂದು ಗಿಡಗಳಿಗೆ ನೀರು ಹಾಯಿಸಿ ಬೇಸಿಗೆಯವರೆಗೂ ಉಳಿಸಿಕೊಳ್ಳಬಾರದು. ಕಾಯಿಕೊರಕ ತಡೆಯಲೆಂದು ರೂಪಿಸಿದ ಬಿ.ಟಿ. ಹತ್ತಿಗೂ ಬಗ್ಗದೆ ಬೆಳೆದಿರುವ ಗುಲಾಬಿ ಕಾಯಿಕೊರಕ ಹುಳು ಮುಂದಿನ ಹಂಗಾಮಿನವರೆಗೆ ಬದುಕುಳಿಯುವುದು ಹೀಗೆ ಬಿಟ್ಟ ಗಿಡಗಳ ಒಡೆಯದ ಕಾಯಿಗಳಲ್ಲಿ. ಹೊಲದಲ್ಲಿ ಕುರಿ ಮೇಯಿಸಿ, ಉಳಿದ ಕಟ್ಟಿಗೆಯನ್ನು ಕಿತ್ತು ಯಂತ್ರದಿಂದ ಚೂರು ಮಾಡಿ ಮಣ್ಣಿಗೆ ಸೇರಿಸಿ; ಒಲೆಗೆಂದು ಮನೆಯ ಹಿತ್ತಲಲ್ಲಿ ಒಟ್ಟುವುದಾದರೆ ಅದರಲ್ಲಿ ಅಂಟಿಕೊಂಡ ಕಾಯಿಗಳನ್ನು ಮೊದಲು ಉದುರಿಸಿ ಸುಟ್ಟುಬಿಡಿ.